ಸಾಹೇಬರಿಗೆ ಸುತ್ತಿದ ರುಮಾಲು

ನೌಕರಿಯ ಸಂದರ್ಶನ ಮುಗಿಸಿ ಬಂದವರು ಕೃತಜ್ಞತೆಯ ಒಂದು ಕಾಗದ ಬರೆಯಬೇಕೇ ಬೇಡವೇ ಎಂದು ಮನೆಯ ಹುಡುಗರು ಈಗ ವಾದ ಮಾಡುತ್ತಾರೆ. ನನ್ನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತೇನೆ. ಮುದುಕನಿಗೆ ಸಿಟ್ಟು ಬಂತು ಅಂದುಕೊಳ್ಳುತ್ತಾರೆ. ಸಿಟ್ಟಲ್ಲ, ನಾಚಿಕೆ. ಇಷ್ಟು ವರ್ಷವಾದರೂ ಅದು ಮಾಸಿಲ್ಲ.

ಆಗ ನಿಜಾಮರ ಕಾಲ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಮಸ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆವು. ಮಾವನದು ಬಟ್ಟೆಯ ಅಂಗಡಿ. ಮನುಷ್ಯ ಬಂಗಾರ, ಆದರೆ ಅವ್ವ ಚಿಟಿಕೆ ಉಪ್ಪು ಬೇಕಾದರೂ ಅತ್ತೆಯನ್ನು ಕೇಳಿಯೇ ತೆಗೆಯಬೇಕಿತ್ತು. ನನಗೊಂದು ನೌಕರಿ ಸಿಕ್ಕರೆ ಅವ್ವನಿಗೆ ತನ್ನದೇ ಒಂದು ಒಲೆ ಆಗುತ್ತಿತ್ತು. ಅದನ್ನು ಅವಳು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ.

ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತನ ಜಾಗ ಖಾಲಿ ಇದೆ ಎಂದು ತಿಳಿದು ಅರ್ಜಿ ಹಾಕಿದೆ. ಉರ್ದು ಓದಿದ್ದೆ, ಕೈಬರಹ ಚೆನ್ನಾಗಿತ್ತು. ಸಂದರ್ಶನ ಮಾಡಿದ ಸಾಹೇಬರು ಶೇರವಾನಿ ತೊಟ್ಟ, ಕೆಂಪು ತುರ್ಕಿ ಟೋಪಿಯ ಹಿರಿಯರು. ನನಗೆ ಕುರ್ಚಿ ಕೊಟ್ಟರು. ಒಂದು ಅರ್ಜಿ ಓದಿಸಿದರು, ಅದನ್ನೇ ಕನ್ನಡದಲ್ಲಿ ಹೇಳಿಸಿದರು, ತಪ್ಪಿದಲ್ಲಿ ನಕ್ಕು ತಿದ್ದಿದರು. ಅಂಥವರಿಗೆ ಎರಡು ಸಾಲು ಶುಕ್ರಿಯಾ ಬರೆಯಬೇಕು ಅನ್ನಿಸಿತು. ಮಸ್ಕಿಗೆ ಬಂದು ಮಾವನ ಮುಂದೆ ಹಾಗೆಂದೆ. ಸುಮ್ಮನಿದ್ದಿದ್ದರೆ ಏನು ಹೋಗುತ್ತಿತ್ತು?

"ಕಾಗದದಾಗ ಏನೈತಿ ಲೇ? ಹರದು ಹೋಗ್ತೈತಿ. ಉಪಕಾರ ಮಾಡಿದವ್ರಿಗೆ ಆಯೇರಿ ಮಾಡ್ಬೇಕು" ಎಂದರು ಮಾವ.

ಆಯೇರಿ ಎಂದರೆ ಬಟ್ಟೆ ಕೊಟ್ಟು, ಗಂಡಸಿಗಾದರೆ ತಲೆಗೆ ರುಮಾಲು ಸುತ್ತಿ ಗೌರವಿಸುವುದು. ಬೀಗರಿಗೆ ಮಾಡುತ್ತೇವೆ, ಹಿರಿಯರಿಗೆ ಮಾಡುತ್ತೇವೆ. ಕಚೇರಿಯ ಸಾಹೇಬರಿಗೆ ಮಾಡಿದ್ದನ್ನು ನಾನು ಕೇಳಿರಲಿಲ್ಲ.

"ಅವ್ರಿನ್ನೂ ನೌಕರಿ ಕೊಟ್ಟಿಲ್ರೀ ಮಾವಾ."

"ಕುರ್ಚಿ ಕೊಟ್ಟಾರಲ್ಲ? ಎದುರಿಗೆ ಕುಂದ್ರಿಸಿ ಮಾತಾಡ್ಯಾರ. ಸಾಲದೇನು?"

ಉಂಡ ಮನೆಯ ಯಜಮಾನನಿಗೆ ಎದುರಾಡುವ ಬಾಯಿ ನನಗಿರಲಿಲ್ಲ. ಮರುದಿನ ಇಬ್ಬರೂ ಬಸ್ಸು ಹತ್ತಿದೆವು.

ಸಂದರ್ಶನ ಇನ್ನೂ ನಡೆದಿತ್ತು. ಕಚೇರಿಯ ಪಡಸಾಲೆಯ ತುಂಬ ನನ್ನಂಥ ಹುಡುಗರು. ಸಾಹೇಬರು ಯಾವುದೋ ಕೆಲಸಕ್ಕೆ ಹೊರಗೆ ಬಂದದ್ದೇ ತಡ, ಮಾವ ಕಾಯಿ, ಎಲೆ ಅಡಿಕೆ ಇಟ್ಟ ತಾಟು ಹಿಡಿದು ಎದುರು ನಿಂತರು. "ನಮ್ಮ ಹುಡುಗಗ ದೊಡ್ಡ ಉಪಕಾರ ಮಾಡೀರಿ" ಎಂದು ತಾಟನ್ನು ಜವಾನನ ಕೈಗೆ ಕೊಟ್ಟರು. ನಾನು ತಡೆಯುವಷ್ಟರಲ್ಲಿ, ಎರಡೂ ಕೈಯಿಂದ, ದೇವರ ಮೇಲಿನ ಹೂ ತೆಗೆಯುವಷ್ಟು ಭಕ್ತಿಯಿಂದ, ಸಾಹೇಬರ ಟೋಪಿ ತೆಗೆದು ಕಾಯಿಯ ಪಕ್ಕ ಇಟ್ಟುಬಿಟ್ಟರು!

ಆ ಕಾಲದಲ್ಲಿ ಜನರೆದುರು ಬರಿದಲೆ ಮಾಡುವುದೆಂದರೆ ಮಾನ ತೆಗೆದಂತೆ. ಸಾಹೇಬರ ಬೋಳುತಲೆಯನ್ನು ಜವಾನನೂ ನೋಡಿದ, ಹುಡುಗರೂ ನೋಡಿದರು. ಯಾರೋ ಕಿಸಕ್ಕೆಂದರು. "ಆತು ಬಿಡ್ರೋ, ನೌಕರಿ ಮಾರಾಟಾತು. ಮನಿಗೆ ನಡೀರಿ" ಎಂದು ಒಬ್ಬ ಗಟ್ಟಿಯಾಗಿಯೇ ಅಂದ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಾವ ಮಾತ್ರ ಬಿಳಿ ರುಮಾಲನ್ನು ಸುತ್ತು ಸುತ್ತಾಗಿ, ಅಂದವಾಗಿ ಸುತ್ತುತ್ತಿದ್ದರು. ಸಾಹೇಬರು ಕೊನೆಯ ಸುತ್ತಿನ ತನಕ ಅಲುಗದೆ ನಿಂತು, "ಮೆಹರ್ಬಾನಿ" ಎಂದರು.

ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು. ರುಮಾಲು ತೆಗೆದು, ಮಡಚಿ, ನನ್ನ ಕೈಗಿಟ್ಟರು.

"ನಿಮ್ಮ ಹೆಸರಿಗೇ ನಿಶಾನಿ ಹಾಕಿದ್ದೆ. ಈಗ ಹ್ಯಾಂಗ ಕೊಡಲಿ, ನೀವ ಹೇಳ್ರಿ. ರುಮಾಲು ಇಸಗೊಂಡು ನೌಕರಿ ಕೊಟ್ಟ ಅಂತಾರ ಹೊರಗ ಕುಂತವ್ರು." ಬಾಗಿಲ ತನಕ ಬಂದು ಮತ್ತೆ ಹೇಳಿದರು: "ನಿಮ್ಮ ಮಾವಗ ಏನೂ ಅನಬ್ಯಾಡ್ರಿ. ದಿಲ್ ಸಾಫ್ ಐತಿ ಅವ್ರದು."

ರುಮಾಲನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡೆ. ಬಸ್ಸಿನಲ್ಲಿ ಮಾವ ಪಕ್ಕದವರಿಗೆಲ್ಲ ಸಾಹೇಬರ ಆಯೇರಿಯ ಸುದ್ದಿ ಹೇಳುತ್ತಿದ್ದರೆ, ನಾನು ಅವರ ಕಡೆಯವನೇ ಅಲ್ಲವೆಂಬಂತೆ ಹೊರಗೆ ನೋಡುತ್ತ ಕುಳಿತೆ. ನೌಕರಿ ಬೇರೆಯವನಿಗೆ ಆಯಿತೆಂದು ತಿಳಿದ ದಿನ ಅವ್ವ ಅತ್ತೆಯ ಒಲೆ ಊದತೊಡಗಿದಳು. ಮಾವ ಹಣೆ ಚಚ್ಚಿಕೊಂಡರು.

"ನನ್ನದ ತಪ್ಪು. ಬಿಳಿ ರುಮಾಲು ಸುತ್ತಿದೆ. ಅಂಥವ್ರಿಗೆ ಜರಿ ಅಂಚಿಂದು ಬೇಕಿತ್ತು."

ನಿಜ ಹೇಳಲು ನಾಲಿಗೆ ಏಳಲಿಲ್ಲ.

ಮುಂದೆ ಸಿಂಧನೂರಿನಲ್ಲಿ ಅಂಥದೇ ನೌಕರಿ ಇದೆಯೆಂದು ಗೊತ್ತಾದಾಗ ಮಾವನಿಗೆ ಸುಳಿವು ಕೊಡದೆ ಹೋಗಿ ಬಂದೆ. ನೇಮಕದ ಹುಕುಂ ಕೈಗೆ ಬಂದ ಮೇಲೆಯೇ ಹೇಳಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವ ಕೇಳಿದ್ದು ಒಂದೇ ಮಾತು:

"ಸಾಹೇಬ್ರಿಗೆ ಏನು ಮಾಡಿದಿ?"

"ಏನೂ ಇಲ್ರೀ."

"ಬರಿಗೈಲೆ ತಗೊಂಡ್ಯಾ? ನಮ್ಮ ಮನ್ಯಾಗ ಬೆಳದಂವ?" ಅವರ ಮುಖ ಸಣ್ಣದಾಯಿತು. ನನ್ನಿಂದಾಗಿ ಅವರು ನಾಚಿದ್ದನ್ನು ಅಂದು ಮೊದಲ ಸಲ ನೋಡಿದೆ.

ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಒಂದು ಗಂಟು ತಂದರು. ಒಳಗೆ ಜರಿ ಅಂಚಿನ ರುಮಾಲು.

"ಲಿಂಗಸುಗೂರಿನ ನೌಕರಿ ತಪ್ಪಿದ ವಾರನ ತರಿಸಿಟ್ಟಿದ್ದೆ, ಮುಂದಿನ ಸಾಹೇಬ್ರಿಗಂತ. ಇರಲಿ, ನಿನಗ ಸುತ್ತತೀನಿ ಬಾ. ಅವತ್ತು ನನ್ನಿಂದ ನಿನ್ನ ನೌಕರಿ ಹೋತು."

ಎರಡೂ ಕೈಯಿಂದ ನನ್ನ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಅವ್ವ ನೋಡುತ್ತ ನಿಂತಿದ್ದಳು.

"ತಲಿ ಎತ್ತಲೇ, ಸುತ್ತಾಕ ಬರವಲ್ದು" ಎಂದರು ಮಾವ.

ನನಗೆ ಎತ್ತಲಾಗಲಿಲ್ಲ.