ಸ್ನಾನಕ್ಕೆ ಮೊದಲು ಹಚ್ಚಿದ ಮುಲಾಮು

ನಮ್ಮ ಅತ್ತೆಗೆ ಮೂಲವ್ಯಾಧಿ ಇತ್ತು. ಇಷ್ಟು ಬರೆಯುವುದಕ್ಕೆ ಈ ವಯಸ್ಸಿನಲ್ಲೂ ಕೈ ತಡವರಿಸುತ್ತದೆ. ಬಾಡಿಯ ಬಗ್ಗೆ ಮಾತಾಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಕಲಿಸಬೇಕಾಗಿಯೇ ಇರಲಿಲ್ಲ.

ನಮ್ಮ ಸೀಮೆ ಬೊಂಬಾಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಲ್ಲಾಪುರದಲ್ಲಿ ಹುಬ್ಬಳ್ಳಿ ರಸ್ತೆಗೆ ಹತ್ತಿರ ನಮ್ಮ ಮನೆ. ಲಾರಿ ಹೋದರೆ ಕಪಾಟಿನ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಅಪ್ಪಯ್ಯನದು ನಾಟಾ ವ್ಯಾಪಾರ, ಕೊಯ್ದ ಮರದ್ದು. ನಾನು ಧಾರವಾಡದ ಹಾಸ್ಟೆಲಿನಿಂದ ಹಾಲಿಡೇಸಿಗೆ ಮಾತ್ರ ಬರುತ್ತಿದ್ದವಳು. ಅತ್ತೆ ಅಪ್ಪಯ್ಯನ ಅಕ್ಕ. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತಮ್ಮನ ಮನೆಗೆ ಬಂದಿದ್ದಳು.

ಅವಳದ್ದು ಅಂತ ಆ ಮನೆಯಲ್ಲಿ ಇದ್ದದ್ದು ಒಲೆಯೊಂದೇ. ಬೆಳಗಾಗುವ ಮೊದಲೇ ಮಿಂದು ಮಡಿಯುಟ್ಟು ಅವಳು ಒಲೆ ಹೊತ್ತಿಸಿದಳೆಂದರೆ, ದೇವರ ನೈವೇದ್ಯ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ನನ್ನ ತಾಯಿ, ಆಯಿಯೂ ಹೊಸ್ತಿಲಾಚೆ ನಿಂತು, ಅತ್ತಿಗೆ ಎಂತ ಹೆಚ್ಚಿಕೊಡಲಿ ಎಂದು ಕೇಳಬೇಕು. ನೈವೇದ್ಯ ಆಗುವವರೆಗೆ ಅತ್ತೆ ಒಂದು ಹನಿ ನೀರೂ ಕುಡಿಯುತ್ತಿರಲಿಲ್ಲ. ರಾತ್ರಿ ಊಟ ಇಲ್ಲ, ಏಕಾದಶಿಗೆ ಪೂರ್ತಿ ಉಪವಾಸ. ಮಲ ಕಟ್ಟಿ ಹೊಟ್ಟೆ ಕಲ್ಲಾಗದೆ ಇನ್ನೇನಾದೀತು.

ದಿನವಿಡೀ ನಾಟಾ ಡಿಪೋದಲ್ಲಿ ಕುರ್ಚಿಗೆ ಅಂಟಿಕೊಂಡಿರುತ್ತಿದ್ದ ಅಪ್ಪಯ್ಯನಿಗೂ ಒಮ್ಮೆ ಪೈಲ್ಸ್ ಕಾಣಿಸಿಕೊಂಡಿತ್ತು. ಅವನು ಹುಬ್ಬಳ್ಳಿಯಿಂದ ಆಯಿಂಟ್‌ಮೆಂಟ್ ತರಿಸಿ, ಕೆಲವು ದಿನ ಹಚ್ಚಿ, ಗುಣವಾದ ಮೇಲೆ ಉಳಿದ ಟ್ಯೂಬನ್ನು ಡಬ್ಬಿ ಸಮೇತ ಬಚ್ಚಲ ಗೂಡಿನಲ್ಲಿಟ್ಟು ಮರೆತಿದ್ದ. ಅದು ಅತ್ತೆಯ ಕೈಗೆ ಸಿಕ್ಕಿತು. ಒಂದು ಮಧ್ಯಾಹ್ನ ಆಯಿ ಮಲಗಿದ್ದಾಗ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾನು ಕೂತಿದ್ದ ಹಿತ್ತಿಲ ಮೆಟ್ಟಿಲಿಗೆ ಬಂದಳು.

"ಕೂಸೆ, ಇದ್ರಲ್ಲಿ ಎಂತ ಬರದ್ದ, ಓದಿ ಹೇಳು. ಆಯಿ ಹತ್ರ ಹೇಳಡ."

ಡಬ್ಬಿಯೊಳಗಿನ ಲೀಫ್‌ಲೆಟ್ ಬಿಡಿಸಿ, ನಾಚಿಕೆಯಿಂದ ಕಿವಿ ಬಿಸಿಯಾಗಿದ್ದರೂ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಉಜ್ಜದೆ, ಮೆತ್ತನೆ ಬಟ್ಟೆ ಒತ್ತಿ ಒಣಗಿಸಬೇಕು. ಆಮೇಲೆ ಹೊರಗಡೆ ಮಾತ್ರ, ತೆಳ್ಳಗೆ ಸವರಬೇಕು. ಒಂದು ವಾರದಲ್ಲಿ ಕಡಿಮೆಯಾಗದಿದ್ದರೆ ಹಚ್ಚುವುದನ್ನು ನಿಲ್ಲಿಸಬೇಕು. ರಕ್ತ ಹೋಗುತ್ತಿದ್ದರೆ ವಾರ ಕಾಯದೆ ಡಾಕ್ಟರಿಗೆ ತೋರಿಸಬೇಕು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ತೊಳೆದ ಮೇಲೆ ಹಚ್ಚಬೇಕು ಎಂಬುದೊಂದು ಅವಳಿಗೆ ಒಗ್ಗಲಿಲ್ಲ.

"ಮಿಂದ ಮೇಲೆ ಅಲ್ಲಿ ಕೈ ಹಚ್ಚಿರೆ ಮಡಿ ಎಲ್ಲಿ ಉಳತ್ತು? ಇನ್ನೊಂದ್ಸಲ ಮೀಯವು. ಮೀಯದಕ್ಕೆ ಮೊದ್ಲೇ ಹಚ್ಕತ್ತೆ."

ಬಿಸಿನೀರು ಹುಯ್ದುಕೊಂಡರೆ ಮದ್ದೆಲ್ಲ ತೊಳೆದು ಹೋಗುತ್ತದಲ್ಲ ಎಂದೆ. ಅವಳು ನಕ್ಕಳು. ನನಗೆ ನೆನಪಿರುವ ಮಟ್ಟಿಗೆ ಅವಳು ನಕ್ಕಿದ್ದು ಅದೇ ಕೊನೆ.

"ನಿಂಗ್ಳ ಸಿಸ್ಟರ್ ಜನಕ್ಕೆ ಮಡಿ ಇಲ್ಲೆ. ಅವ್ರ ಕಡೆಯವ್ರು ಮಾಡಿದ ಮದ್ದಿಗೂ ಅದು ಗೊತ್ತಿಲ್ಲೆ."

ರಕ್ತ ಹೋಗುತ್ತದೆಯೇ ಎಂದು ಕೇಳಿದಾಗ ನಗು ನಿಂತಿತು. ಟ್ಯೂಬನ್ನು ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: "ರಕ್ತ ಅಂದ್ರೆ ಹೊರಗೆ ಕೂರ್ಸ್ತ. ಮುಟ್ಟು ನಿಂತ ಮೇಲೇ ಈ ಒಲೆ ಪೂರ್ತಿ ನಂದಾಗಿದ್ದು, ಗೊತ್ತಿದ್ದಾ ನಿಂಗೆ?"

ಹೇಳಬೇಡ ಎಂದಿದ್ದರೂ, ಧಾರವಾಡಕ್ಕೆ ಹೊರಡುವ ಮೊದಲು ನಾನು ಆಯಿಗೆ ಹೇಳಿಯೇ ಹೋದೆ. ಆಯಿ ವಿಚಾರಿಸಿದಾಗ ಅತ್ತೆ, ಉಷ್ಣ ಆಗಿತ್ತು, ಈಗ ಎಂತದೂ ಇಲ್ಲೆ ಎಂದಳಂತೆ. ಆಯಿ ನಂಬಿ, ಮಜ್ಜಿಗೆ ಕೊಟ್ಟು, ಸುವರ್ಣಗಡ್ಡೆ ಪಲ್ಯಕ್ಕೆ ಹೆಚ್ಚಿಕೊಟ್ಟಳು. ಕೆಂಪು ಸೀರೆಯ ಮೇಲೆ ಕಲೆ ಬಿದ್ದರೆ ಯಾರಿಗೆ ಕಾಣುತ್ತದೆ? ಬಿಳಿ ಪೆಟಿಕೋಟಿನ ಮೇಲೆ ಒಂದು ಚುಕ್ಕೆ ಕಂಡರೂ ಮ್ಯಾಟ್ರನ್‌ವರೆಗೆ ಸುದ್ದಿ ಹೋಗುವ ಹಾಸ್ಟೆಲಿನಲ್ಲಿ ಬೆಳೆದ ನನಗೆ, ಆ ಸೀರೆಯ ಬಣ್ಣ ಮುಚ್ಚಿಟ್ಟಿದ್ದು ಎಷ್ಟೆಂದು ಆಗ ಹೊಳೆದಿರಲಿಲ್ಲ.

ಮುಂದಿನ ರಜೆಗೆ ಬಂದಾಗ ಅತ್ತೆಯ ಮುಖ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಉಗುರುಗಳಲ್ಲಿ ರಕ್ತವೇ ಇರಲಿಲ್ಲ. ಕೊಡ ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಬಚ್ಚಲ ಗೂಡಿನ ಹಿಂದೆ ಕೈ ಹಾಕಿದರೆ ಖಾಲಿ ಟ್ಯೂಬುಗಳು, ಹಿಂಡಿ ಹಿಂಡಿ ಚಪ್ಪಟೆಯಾದವು. ಖಾಲಿಯಾದದ್ದನ್ನು ಹಾಲಿನವಳ ಕೈಯಲ್ಲಿ ಕೊಟ್ಟು ಇಂಥದ್ದೇ ತಾ ಎನ್ನುತ್ತಿದ್ದಳು. ಪೇಟೆಯ ಔಷಧಿ ಅಂಗಡಿಯವನು ಹುಬ್ಬಳ್ಳಿಯಿಂದ ತರಿಸಿ, ಯಾರಿಗೆ, ಯಾಕೆ ಎಂದು ಕೇಳದೆ ಕೊಡುತ್ತಿದ್ದ. ಇಷ್ಟು ದಿನ ಹಚ್ಚಬಾರದು ಅತ್ತೆ, ಡಾಕ್ಟರಿಗೆ ತೋರಿಸೋಣ ಎಂದು ಬೇಡಿಕೊಂಡೆ. ನೋವಿಲ್ಲೆ ಎಂದಳು. ನಿಜವೇ ಇರಬೇಕು. ಸ್ನಾನದ ಹೊತ್ತಿಗೆ ಅರ್ಧ ತೊಳೆದು ಹೋಗುತ್ತದೆಂದು ದಪ್ಪ ದಪ್ಪ ಮೆತ್ತಿಕೊಳ್ಳುತ್ತಿದ್ದಳು. ಆ ಜಾಗ ಜೋಮು ಹಿಡಿದಂತಾಗಿ ನೋವು ತಿಳಿಯುತ್ತಿರಲಿಲ್ಲ; ರಕ್ತ ಹೋಗುತ್ತಲೇ ಇತ್ತು.

ಅದೇ ರಜೆಯಲ್ಲಿ ಒಂದು ಬೆಳಿಗ್ಗೆ ಅನ್ನ ಬಸಿಯುತ್ತಿದ್ದವಳು ಒಲೆಯ ಪಕ್ಕದಲ್ಲೇ ಕುಸಿದಳು. ಗಂಜಿ ನೆಲದ ಮೇಲೆಲ್ಲ ಹರಿಯಿತು. ಅಪ್ಪಯ್ಯ ಓಡಿಬಂದು ಎತ್ತಲು ಬಾಗಿದಾಗ, ಕಣ್ಣು ಅರ್ಧ ಮುಚ್ಚಿದ್ದ ಅತ್ತೆ ಕೈ ಅಡ್ಡ ತಂದಳು.

"ಮುಟ್ಟಡ ತಮಾ. ನೈವೇದ್ಯ ಆಗಿಲ್ಲೆ."

ಅಪ್ಪಯ್ಯ ಎತ್ತಿಕೊಂಡ. ಅಷ್ಟು ವರ್ಷಗಳಲ್ಲಿ ಆ ಹೊತ್ತಿನಲ್ಲಿ ಅವಳನ್ನು ಒಬ್ಬರು ಮುಟ್ಟಿದ್ದು ಅದೇ ಮೊದಲು. ಪರಿಚಯದವರ ಕಾರಿನಲ್ಲಿ ಸಿರ್ಸಿಗೆ ಹೋದೆವು. ದಾರಿಯುದ್ದಕ್ಕೂ ಅವಳ ಬೋಳು ತಲೆ ನನ್ನ ತೊಡೆಯ ಮೇಲೆ, ಸಣ್ಣ ಮಗುವಿನ ತಲೆಯ ಹಾಗೆ ಹಗುರ, ಆದರೆ ತಣ್ಣಗೆ.

ಅಲ್ಲಿದ್ದ ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ ಹೊರಗೆ ಬಂದು ನಮ್ಮನ್ನೇ ಬೈದರು. ಮುಲಾಮು ನಾಲ್ಕು ದಿನದ ಉರಿ ತುರಿಕೆಗೆ ಇರುವುದು, ತಿಂಗಳುಗಟ್ಟಲೆ ಮೆತ್ತುವುದಕ್ಕಲ್ಲ. ಚರ್ಮವೆಲ್ಲ ಕೆಟ್ಟು ಹುಣ್ಣಾಗಿದೆ. ರಕ್ತ ಕಂಡ ದಿನವೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ. ಮೂಲವ್ಯಾಧಿಯೇ ಇದು, ಅದಕ್ಕಿಂತ ಕೆಟ್ಟ ರೋಗವಲ್ಲ, ನಿಮ್ಮ ಪುಣ್ಯ ಎಂದರು. ರಕ್ತ ಕೊಡಿಸಿದೆವು. ಅತ್ತೆ ಬದುಕಿದಳು. ದಿನವಿಡೀ ನೀರು ಕುಡಿಯಬೇಕು, ಸೊಪ್ಪು ತರಕಾರಿ ತಿನ್ನಬೇಕು, ಉಪವಾಸ ಕೂಡದು ಎಂದು ಹೇಳಿ ಕಳಿಸಿದರು.

ಮನೆಗೆ ಬರುವಷ್ಟರಲ್ಲಿ ಒಲೆ ಆಯಿಯದಾಗಿತ್ತು. ಆಸ್ಪತ್ರೆಯಲ್ಲಿ ಯಾರ್‍ಯಾರದೋ ಕೈಯ ನೀರು ಕುಡಿದು, ಯಾರದೋ ರಕ್ತ ಹಾಕಿಸಿಕೊಂಡು ಬಂದವಳು ಮತ್ತೆ ಮಡಿಯಡುಗೆಗೆ ಕೂರುವುದು ಹೇಗೆ? ಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಕರೆಯಲಿಲ್ಲ. ಅತ್ತೆಯ ಚಾಪೆ ಹಿತ್ತಿಲ ಕಡೆಯ ಕೋಣೆಗೆ ಹೋಯಿತು.

ಹುಣ್ಣು ಮಾಗಿದ ಮೇಲೆ ಹಚ್ಚಲೆಂದು ಡಾಕ್ಟರು ಬೇರೊಂದು ಆಯಿಂಟ್‌ಮೆಂಟ್ ಬರೆದುಕೊಟ್ಟಿದ್ದರು, ಒಂದು ವಾರಕ್ಕೆ ಮಾತ್ರ. ನಾನೇ ಬೆಚ್ಚಗಿನ ನೀರು ತೋಡಿಕೊಟ್ಟೆ, ಹಳೆಯ ಪಂಚೆಯ ಮೆತ್ತನೆ ತುಂಡು ಕೊಟ್ಟೆ. ಅವಳು ಮಿಂದು, ಒಣಗಿಸಿಕೊಂಡು, ತೆಳ್ಳಗೆ ಹಚ್ಚಿಕೊಂಡು, ಲೀಫ್‌ಲೆಟ್ಟಿನಲ್ಲಿ ಇದ್ದ ಹಾಗೆಯೇ ಎಲ್ಲವನ್ನೂ ಮುಗಿಸಿ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು.

"ಈಗ ಮಿಂದ ಮೇಲೇ ಹಚ್ಲಕ್ಕು," ಎಂದಳು. "ಕೆಡಲೆ ಇನ್ನು ಮಡಿ ಎಲ್ಲಿದ್ದು."

ಒಳಗೆ ಆಯಿ ಒಗ್ಗರಣೆ ಹಾಕಿದ ಸದ್ದಾಯಿತು. ಅತ್ತೆ ತಲೆಯೆತ್ತಿ ವಾಸನೆ ಹಿಡಿದಳು. ಸಾಸಿವೆ ಹೊತ್ತಿತ್ತು. ಒಳಗೆ ಹೋಗಲು ಅರ್ಧ ಎದ್ದವಳು, ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು.