ಅತ್ತೆಯ ಮಾರ್ಮೈಟ್ ತಿಂಡಿ

ಬ್ರೆಡ್ಡಿಗೆ ಆ ಕಪ್ಪು ಲೇಪವನ್ನು ಜಾಮಿನಂತೆ ದಪ್ಪಗೆ ಸವರಿ ಕಚ್ಚಿದ್ದೇ, ಉಡುಪಿಯಿಂದ ಬಂದಿದ್ದ ನಮ್ಮತ್ತೆ ನೀರಿನ ಲೋಟಕ್ಕೆ ಕೈಹಾಕಿದರು. ವಿದೇಶದಲ್ಲಿ ನಾವಿರುವ ಜಾರ್ಜ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲೆಂಡಿನ ಅಜ್ಜಿ ಡೊರೊಥಿ ಪ್ರೀತಿಯಿಂದ ಕೊಟ್ಟ, ಯೀಸ್ಟಿನಿಂದ ಮಾಡುವ ಮಾರ್ಮೈಟ್ ಅದು. ಉಪ್ಪೇ ಉಪ್ಪು, ಮೇಲಿಷ್ಟು ಕಹಿ. ಅತ್ತೆ ಹೇಗೋ ನುಂಗಿ, "ವೆರಿ ಗುಡ್" ಎಂದರು.

ಡೊರೊಥಿಯ ಮುಖ ಅರಳಿತು. "ನನ್ನ ಗಂಡ ಹೋದ ಮೇಲೆ ಇದನ್ನು ನನ್ನ ಜೊತೆ ತಿಂದವರು ನೀವೇ," ಎಂದು ಮರುದಿನವೂ ಕರೆದರು. ಅತ್ತೆ ಹೋದರು. ಆಮೇಲೆ ದಿನಾ ಹೋಗತೊಡಗಿದರು.

"ರುಚಿ ಹತ್ತಿತಾ ಅತ್ತೆ?" ಎಂದು ಕೇಳಿದೆ.

"ಎಂಥ ರುಚಿ ಮಾರಾಯ್ತಿ! ಅವರೊಬ್ಬರೇ ಕೂತು ತಿನ್ನುದು ನೋಡ್ಲಿಕ್ಕೆ ಆಗುದಿಲ್ಲ."

ಈಗ ಅವರಿಬ್ಬರ ಬೆಳಗಿನ ತಿಂಡಿ ಒಟ್ಟಿಗೇ. ನಾಲಗೆಗೆ ಗೊತ್ತೇ ಆಗದಷ್ಟು ತೆಳ್ಳಗೆ ಸವರುವುದನ್ನು ಮಾತ್ರ ಅತ್ತೆ ಚೆನ್ನಾಗಿ ಕಲಿತಿದ್ದಾರೆ.