ಹೆದರಲೆಂದೇ ಹೋದ ವೈನಿ

ಮೊಮ್ಮಗಳ ಪುಸ್ತಕದ ಜೊತೆ ಒಂದು ರಟ್ಟಿನ ಕನ್ನಡಕ ಬಂದಿದೆ. ಒಂದು ಕಣ್ಣಿಗೆ ಕೆಂಪು ಹಾಳೆ, ಇನ್ನೊಂದಕ್ಕೆ ನೀಲಿ. "ಹಾಕ್ಕೊ ಅಜ್ಜಿ, ಡೈನೋಸಾರ್ ಮೈಮ್ಯಾಲೆ ಬರ್ತೈತಿ" ಎಂದು ಅವಳೇ ನನ್ನ ಮೂಗಿಗೆ ಏರಿಸಿದಳು. ಡೈನೋಸಾರ್ ಬಂತೋ ಬಿಟ್ಟಿತೋ, ನನ್ನ ಎದೆ ಮಾತ್ರ ಧಸಕ್ಕೆಂದಿತು. ರಟ್ಟಿಗೆ ಹೆದರುವ ಅಜ್ಜಿಯನ್ನು ಕಂಡು ಅವಳು ಬಿದ್ದು ಬಿದ್ದು ನಕ್ಕಳು.

ಅಂಥ ಕನ್ನಡಕವನ್ನು ನಾನು ಮೊದಲು ಹಾಕಿದ್ದು ದಾಂಡೇಲಿಯಲ್ಲಿ, ಅರವತ್ತರ ದಶಕದ ಶುರುವಿಗೆ. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದ. ನಮ್ಮ ಸಾಲುಮನೆಗಳಲ್ಲಿ ಪಕ್ಕದ ಮನೆಗೆ ಚಿಗಳ್ಳಿಯಿಂದ ಸೊಸೆಯಾಗಿ ಬಂದವಳನ್ನು ನಾನು ಅತ್ತಿಗೆಯೆಂಬಂತೆ ವೈನಿ ಎನ್ನುತ್ತಿದ್ದೆ. ನಾನು ಆಗಷ್ಟೇ ಸೀರೆ ಉಡಲು ಕಲಿತಿದ್ದೆ, ನೆರಿಗೆ ಹಿಡಿಯಲು ಕಲಿಸಿದವಳೂ ಅವಳೇ. ನಗುಮುಖದ ಹೆಂಗಸು. ಆದರೆ ಹೆತ್ತ ಕೂಸುಗಳು ಅವಳಿಗೆ ದಕ್ಕಿರಲಿಲ್ಲ. ಈಗ ಮತ್ತೆ ಬಸುರಿ. ಸೀಮಂತದ ಕುಬಸ ಮಾಡಿ ತೊಡಿಸಿದ ಹಸಿರು ಬಳೆ ಕೈತುಂಬ ಇದ್ದವು.

ಆಗ ಊರಿಗೆ ಆ ಸಿನಿಮಾ ಬಂತು. ಹುಬ್ಬಳ್ಳಿಯಲ್ಲಿ ಓಡಿ ಓಡಿ ಹಳೆಯದಾದ ಇಂಗ್ಲಿಷ್ ಭೂತದ ಚಿತ್ರ. ಬಂಡಿಗೆ ಧ್ವನಿವರ್ಧಕದ ಕರ್ಣ ಕಟ್ಟಿಕೊಂಡು ಓಣಿ ಓಣಿ ಕೂಗಿದರು: "ಭೂತ ಪಡದೆ ಬಿಟ್ಟು ಬರ್ತೈತಿ! ಕೈ ಚಾಚಿದ್ರ ದಕ್ಕತೈತಿ!" ಊರಿಗೆ ಊರೇ ಮುಗಿಬಿತ್ತು. ಅಣಶಿಯಿಂದ ಬಿದಿರು ಹೇರಿಕೊಂಡು ಬರುವ ಡ್ರೈವರುಗಳು ದಾರಿಯಲ್ಲಿ ಹುಲಿ ಕಂಡರೂ ಬೀಡಿ ಆರಿಸದ ಗಂಡಸರು. ಅವರೇ ರಟ್ಟಿನ ಕನ್ನಡಕ ಹಾಕಿಕೊಂಡು ಕುರ್ಚಿಯ ಕೆಳಗೆ ನುಸುಳಿದರಂತೆ. ಮತ್ತೆ ಮರುದಿನವೂ ಹೋದರಂತೆ! ಹುಲಿಗೆ ಹೆದರಿದರೆ ಮರ್ಯಾದೆ ಹೋಗುತ್ತದೆ, ಸಿನಿಮಾದ ಭೂತಕ್ಕೆ ಹೆದರಿದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಅದರ ರುಚಿ ಇರಬೇಕು.

ಬಂಡಿ ನಮ್ಮ ಓಣಿಗೆ ಬಂದಾಗ ವೈನಿ ಬಾಗಿಲಲ್ಲಿ ನಿಂತಿದ್ದಳು. ದಕ್ಕತೈತಿ ಅಂತ… ಎಂದು ತನ್ನಷ್ಟಕ್ಕೇ ಅಂದುಕೊಂಡದ್ದು ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರ ಮನೆಯಲ್ಲಿ ಗದ್ದಲ ಎದ್ದಿತು.

"ಬಸುರಿ ಹೆಂಗಸು ದೆವ್ವದ ಸಿನಿಮಾಕ್ಕ ಹೋಗ್ತಾಳಂತ! ಕೇಳಿದವರು ಏನಂದಾರು?" ಎಂದು ಅತ್ತೆ ಕೂಗಾಡಿದಳು.

"ಬಯಕಿ ಆಗೇತ್ರಿ ಅತ್ತಿ" ಎಂದಳು ವೈನಿ.

ಅಷ್ಟಕ್ಕೆ ಅತ್ತೆ ಇಕ್ಕಟ್ಟಿಗೆ ಸಿಕ್ಕಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ತೀರಿಸೋಣವೆಂದರೆ, ಬಸುರಿ ಬೆದರಿದರೆ ಕೂಸಿಗೇ ಕೇಡು. ಅತ್ತ ದರಿ, ಇತ್ತ ಪುಲಿ. ಹುಣಸೆಹಣ್ಣು, ಸುಟ್ಟ ಮಣ್ಣು ಬೇಡುವ ಬಸುರಿಯರನ್ನು ಅವಳು ಕಂಡಿದ್ದಳು, ಭೂತ ಬೇಡಿದವಳನ್ನು ಕಂಡಿರಲಿಲ್ಲ. ಕೊನೆಗೆ ಸೊಸೆಯ ಹಣೆಗೂ ಹೊಟ್ಟೆಗೂ ವಿಭೂತಿ ಹಚ್ಚಿ, ಸೆರಗಿಗೆ ಕಬ್ಬಿಣದ ಮೊಳೆ ಕಟ್ಟಿ, ನನ್ನನ್ನು ಜೊತೆ ಮಾಡಿದಳು. "ಭೂತ ಬಂದ ಕೂಡಲೆ ಆಕಿ ಕಣ್ಣು ಮುಚ್ಚಬೇಕು ನೋಡು" ಎಂದು ನನಗೆ ತಾಕೀತು.

ಮಧ್ಯಾಹ್ನದ ಆಟ. ತಗಡಿನ ಥಿಯೇಟರು, ಕಿಟಕಿಗೆಲ್ಲ ಕಪ್ಪು ಬಟ್ಟೆ. ಬಾಗಿಲಲ್ಲಿ ಕೊಟ್ಟ ಕನ್ನಡಕಕ್ಕೆ ಯಾರದೋ ತಲೆಯ ಕೊಬ್ಬರಿ ಎಣ್ಣೆ ಮೆತ್ತಿತ್ತು. ದೀಪ ಆರಿದವು. ಮಾತು ಒಂದೂ ತಿಳಿಯಲಿಲ್ಲ. ಹಾಳು ಬಂಗಲೆ, ಉದ್ದನೆಯ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಪೆಟ್ಟಿಗೆ. ಆ ಮೆಟ್ಟಿಲುಗಳು ಪಡದೆಯಿಂದ ಇಳಿದು ನಮ್ಮ ಕಾಲಬುಡಕ್ಕೇ ಬಂದಿದ್ದವು. ನಾನು ಕಾಲು ಮೇಲೆತ್ತಿಕೊಂಡೆ.

ಆಗ ವೈನಿ ನನ್ನ ಕಿವಿಯಲ್ಲಿ ಹೇಳಿದಳು: "ಬಯಕಿ ಅಲ್ಲ ತಂಗಿ, ಸುಳ್ಳ ಹೇಳೇನಿ. ನಿನ್ನಿಯಿಂದ ಹೊಟ್ಟ್ಯಾಗ ಕೂಸು ಅಲುಗಾಡವಲ್ದು. ಅಂಜಿಸಿದ್ರರ ಎಚ್ಚರಾಗ್ತೈತೇನೋ ಅಂತ ಬಂದೀನಿ. ಯಾರ ಮುಂದೂ ಹೇಳಬ್ಯಾಡ."

ಪಡದೆಯ ಭೂತ ಯಾವ ಲೆಕ್ಕ! ಪಕ್ಕದಲ್ಲಿ ಕುಳಿತ ಈ ಹೊಟ್ಟೆಯೊಳಗೆ ಏನಿದೆ, ಇದೆಯೋ ಇಲ್ಲವೋ ಎಂಬ ಹೆದರಿಕೆಗೆ ಎದ್ದು ಓಡಿಬಿಡಬೇಕು ಅನಿಸಿತು. ವೈನಿ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಒತ್ತಿ ಹಿಡಿದಳು. ಹೊಟ್ಟೆ ಗಟ್ಟಿಯಾಗಿತ್ತು, ಸುಮ್ಮನಿತ್ತು.

ಪೆಟ್ಟಿಗೆಯ ಮುಚ್ಚಳ ಕಿರ್ರೆಂದಿತು. ಬೆರಳು ಕಂಡವು, ಆಮೇಲೆ ಕೈ. ಆ ಕೈ ಉದ್ದವಾಗುತ್ತ, ಮುಂದಿನ ಸಾಲಿನವರ ತಲೆ ದಾಟಿ, ನೇರ ನಮ್ಮ ಮೇಲೇ ಬಂತು. ಹೆಂಗಸರ ಕಡೆ ಎಲ್ಲ ಕಿಟಾರನೆ ಕಿರುಚಿದರು. ನಾನೂ ಕಿರುಚಿದೆ, ಕಣ್ಣು ಮುಚ್ಚಿದೆ. ಅತ್ತೆಯ ತಾಕೀತು ಎಲ್ಲೋ ಹಾರಿಹೋಗಿತ್ತು. ಅಷ್ಟರಲ್ಲಿ ನನ್ನ ಅಂಗೈ ಕೆಳಗೆ ಯಾರೋ ಒಳಗಿನಿಂದ ತಟ್ಟಿದ ಹಾಗಾಯಿತು. ಮತ್ತೊಮ್ಮೆ, ಇನ್ನೂ ಜೋರಾಗಿ.

"ಒದೀತು! ಒದೀತವಾ!" ಎಂದು ವೈನಿ ಗಟ್ಟಿಯಾಗಿ ನಕ್ಕಳು. ಕಿರುಚುತ್ತಿದ್ದವರೆಲ್ಲ ತಿರುಗಿ ನೋಡಿದರು. ಭೂತದೆದುರು ನಗುವ ಬಸುರಿಯನ್ನು ಕಂಡು ಹಿಂದಿನ ಸಾಲಿನ ಮುದುಕಿಯೊಬ್ಬಳು ಎದೆಯ ಲಿಂಗ ಹಿಡಿದುಕೊಂಡು ಶಿವ ಶಿವಾ ಎಂದಳು.

ವಾರ ಕಳೆಯುವುದರೊಳಗೆ ವೈನಿಗೆ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸಿದಳು, ತಾಯಿಗೆ ಮುಖವನ್ನೂ ತೋರಿಸಲಿಲ್ಲ. ಸಿನಿಮಾದ ಭೂತವೇ ಕೈಚಾಚಿ ಒಯ್ದಿತು ಎಂದು ಅತ್ತೆ ಎದೆ ಬಡಿದುಕೊಂಡಳು. ಓಣಿಯೂ ಹೌದೆಂದಿತು. ನನಗೂ ಬಹಳ ವರ್ಷ ಅದೇ ಭಯ. ಆ ಕೈ ಎಷ್ಟು ಹತ್ತಿರ ಬಂದಿತ್ತು ಎಂಬುದನ್ನು ನಾನೇ ಕಂಡಿದ್ದೆನಲ್ಲ… ನಾನು ಬಸುರಿಯಾದಾಗ ಥಿಯೇಟರಿನ ಬೀದಿಯನ್ನೂ ತುಳಿಯಲಿಲ್ಲ.

ಮುಂದೆ ವೈನಿಯ ಮನೆಯವರು ಕಾರ್ಖಾನೆ ಬಿಟ್ಟು ಅವಳ ತವರೂರು ಚಿಗಳ್ಳಿಗೆ ಹೋದರು. ಮದುವೆ, ಮುಂಜಿವೆ ಎಂದು ಎಲ್ಲಿ ಸಿಕ್ಕರೂ ವೈನಿ ನನ್ನನ್ನು ಮೂಲೆಗೆ ಕರೆದು ಒಂದೇ ಮಾತು ಕೇಳುತ್ತಿದ್ದಳು. "ಒದ್ದಿತ್ತಲ್ಲ ತಂಗಿ? ನಿನಗೂ ಗೊತ್ತಾಗಿತ್ತು, ಹೌದಿಲ್ಲೋ?"

"ಹೌದ್ರಿ ವೈನಿ, ಒದ್ದಿತ್ತು" ಎನ್ನುತ್ತಿದ್ದೆ. ಆಮೇಲೆ ಅವಳು ಸಮಾಧಾನದಿಂದ ಊಟಕ್ಕೆ ಏಳುತ್ತಿದ್ದಳು.

ಹೋದ ತಿಂಗಳು ಚಿಗಳ್ಳಿಯಿಂದ ಸುದ್ದಿ ಬಂತು, ವೈನಿ ತೀರಿಕೊಂಡಳು. ಕೇಳಿ ಬಹಳ ಅತ್ತುಬಿಟ್ಟೆ. ಆ ಕೂಸಿಗೆ ಹೆಸರಿಟ್ಟವರಿಲ್ಲ, ಅದರ ಮುಖ ನೆನಪಿಟ್ಟವರಿಲ್ಲ. ಅದು ಜೀವಂತ ಇತ್ತು ಎಂದು ಕೈಯಾರೆ ಬಲ್ಲವರು ನಾವಿಬ್ಬರೇ ಇದ್ದೆವು. ಈಗ ನಾನೊಬ್ಬಳು, ನನಗೂ ವಯಸ್ಸಾಯಿತು. ನಾನೂ ಹೋದರೆ ಅದು ಒದ್ದಿತ್ತು ಎನ್ನುವವರು ಯಾರೂ ಇರುವುದಿಲ್ಲ. ಈಗ ನನಗೆ ಉಳಿದಿರುವ ಹೆದರಿಕೆ ಅದೊಂದೇ.